ಕೌದಿಯ ಹೊಟ್ಟೆ

ನನ್ನ ಅವ್ವ ಹೊಲಿದ ಕೌದಿಯೊಂದು ಈಗಲೂ ನನ್ನ ಬಳಿ ಇದೆ. ಬಣ್ಣ ಹೋಗಿದೆ, ಅಂಚು ಹರಿದಿದೆ. ಆದರೂ ಅದರ ಒಂದು ಮೂಲೆಯನ್ನು ಬೆರಳಿನಿಂದ ಒತ್ತಿದರೆ ಒಳಗೆ ಗಟ್ಟಿಯಾಗಿ ಏನೋ ಕೈಗೆ ಹತ್ತುತ್ತದೆ. ಅದು ಜೋಳ. ಕೊನೆಯ ಮೂಲೆಯನ್ನು ಮುಚ್ಚುವ ಮುನ್ನ ಅವ್ವ ಬಾಗಿಲು ಹಾಕಿಕೊಂಡು, ಏಳು ಕಾಳು ಎಣಿಸಿ ಒಳಗಿಡುತ್ತಿದ್ದಳು. ಆರೂ ಅಲ್ಲ, ಎಂಟೂ ಅಲ್ಲ. "ಕೌದಿ ಹಸಕೊಂಡಿರಬಾರದವಾ. ಅದರ ಹೊಟ್ಟಿ ತುಂಬಿದ್ರ ಹೊತ್ಕೊಂಡಾವರ ಹೊಟ್ಟಿನೂ ತುಂಬಿರತೈತಿ" ಅನ್ನುವಳು. ಆಮೇಲೆ ದನಿ ತಗ್ಗಿಸಿ, "ಮಂದಿ ಮುಂದ ಆಡಬ್ಯಾಡ ಮತ್ತ" ಎಂದು ಸೇರಿಸುವಳು. ಯಾಕೆ ಎಂದು ಕೇಳಿದರೆ ಬೈಗುಳ ಸಿಗುತ್ತಿತ್ತು.

ನಮ್ಮ ಊರಿನ ಮಗ್ಗುಲಲ್ಲಿ ಹೊಳೆ, ಹೊಳೆಗೊಂದು ಸೇತುವೆ, ಸೇತುವೆಯ ಈಚೆ ತುದಿಯಲ್ಲಿ ಬಂದುಹೋಗುವವರನ್ನು ತಡೆದು ನೋಡುವ ನಾಕೆ. ಆಚೆ ದಂಡೆಯವರು ಈಚೆಗೆ ಬಂದು ನೆಲೆಸಬೇಕಾದರೆ ನಾಕೆಯ ಚೀಟಿ ಬೇಕಿತ್ತು. ಅರ್ಜಿ ಹಾಕಬೇಕು, ಕರೆ ಬರುವ ತನಕ ಆಚೆಯೇ ಕಾಯಬೇಕು. ಕೆಲವರಿಗೆ ಎರಡು ವರ್ಷಕ್ಕೆ ಬರುತ್ತಿತ್ತು, ಕೆಲವರಿಗೆ ಹತ್ತಾದರೂ ಇಲ್ಲ. ಚೀಟಿ ಇಲ್ಲದೆ ಹೊಳೆ ದಾಟಿ ಸಿಕ್ಕಿಬಿದ್ದವರನ್ನು ತಿರುಗಿ ಕಳಿಸುತ್ತಿದ್ದರು. ಅವರ ಅರ್ಜಿಯನ್ನು ಹರಿದುಹಾಕುತ್ತಿದ್ದರು. ಗೊತ್ತಿದ್ದೂ ಅಂಥವರನ್ನು ಮುಚ್ಚಿಟ್ಟವರ ಚೀಟಿಯೂ ಹೋಗುತ್ತಿತ್ತು. ಚಹಾದಂಗಡಿಯ ಬೆಂಚಿನ ಮೇಲೆ ಅರ್ಧ ಮಂದಿ ನಾಕೆಯನ್ನೇ ಕಿತ್ತುಹಾಕಿ ಎನ್ನುವರು, ಇನ್ನರ್ಧ ಮಂದಿ ಸೇತುವೆಯನ್ನೇ ಕೆಡವಿ ಎನ್ನುವರು. ನಾನು ಸೇತುವೆಯೂ ಇರಲಿ, ನಾಕೆಯೂ ಬಿಗಿಯಾಗಿರಲಿ ಎನ್ನುವವಳು. ನನ್ನ ಬಾಯಿಯೋ ಮೊದಲೇ ಜೋರು. ನನ್ನ ಪಡಸಾಲೆಯಲ್ಲಿ ಕೌದಿ ಹೊಲಿಯಲು ಕೂಡುತ್ತಿದ್ದ ಆರೇಳು ಹೆಂಗಸರು ದಿನವೂ ಅದನ್ನು ಕೇಳಲೇಬೇಕಾಗಿತ್ತು.

"ನ್ಯಾಯದಿಂದ ಬರಾವರು ಬರ್ಲಿ, ಹಾರ ಹಾಕಿ ಕರಕೊಳ್ಳೂಣು. ಕಳ್ಳರಂಗ ಬರಾವರ ಸಲುವಾಗಿ ಸಾಲಿನ್ಯಾಗ ನಿಂತಾವರು ಯಾಕ ಹಿಂದ ಬೀಳಬೇಕು? ನಮ್ಮ ಅಡಿವೆಪ್ಪನ್ನ ನೋಡ್ರಿ!"

ಅಡಿವೆಪ್ಪ ಪೇಟೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ದರ್ಜಿ. ಚೀಟಿ ಪಡೆದು, ಸೇತುವೆಯ ಮೇಲೆ ತಲೆಯೆತ್ತಿ ನಡೆದು ಬಂದವನು. ಚೀಟಿ ಒಬ್ಬರಿಗೆ ಮಾತ್ರ. ಹೆಂಡತಿಯ ಅರ್ಜಿ ಆರು ವರ್ಷದಿಂದ ನಾಕೆಯಲ್ಲಿ ಬಿದ್ದಿತ್ತು. ವಿಚಾರಿಸಿದರೆ, "ಬರತೈತ್ರಿ ಅಕ್ಕಾರ, ಇವತ್ತಿಲ್ಲ ನಾಳೆ ಬರತೈತಿ" ಎನ್ನುತ್ತ ಯಂತ್ರ ತುಳಿಯುತ್ತಿದ್ದ. ನನ್ನ ವಾದಕ್ಕೆ ಇವನಿಗಿಂತ ಒಳ್ಳೆಯ ಸಾಕ್ಷಿ ಬೇಕೆ? ಅವನ ಅಂಗಡಿಯ ಚಿಂದಿಯಿಂದಲೇ ನಮ್ಮ ಕೌದಿಗಳು ಆಗುತ್ತಿದ್ದವು.

ಒಂದು ಬೇಸಿಗೆಯಲ್ಲಿ ಫಕೀರವ್ವ ಎಂಬುವಳು ಕೆಲಸ ಕೇಳಿಕೊಂಡು ಬಂದಳು. ಈಚೆ ದಂಡೆಯವಳೇ, ಮೇಲಿನ ಊರಿನವಳು, ಮಹಾಪೂರದಲ್ಲಿ ಮನೆ ಹೋಯಿತು ಎಂದಳು. ಮಾತು ಕಡಿಮೆ. ಕೈ ಮಾತ್ರ ಅಬ್ಬಾ! ಅವಳ ಹೊಲಿಗೆ ಸಾಲುಗಳು ಗೆರೆ ಕೊರೆದಷ್ಟು ನೇರ. ಹದಿನೈದು ದಿನದಲ್ಲಿ ನನ್ನ ಹೆಂಗಸರೆಲ್ಲ, "ಫಕೀರವ್ವಾ, ಇದು ಹ್ಯಾಂಗ ಮಾಡಿದಿ? ನನಗೂ ತೋರಸ" ಎಂದು ಅವಳ ಸುತ್ತ ಕೂಡತೊಡಗಿದರು. ಮೂವತ್ತು ವರ್ಷ ಆ ಪಡಸಾಲೆಯಲ್ಲಿ ಕೇಳುತ್ತಿದ್ದುದು ನನ್ನ ಹೆಸರು. ನನಗೆ ಹೊಟ್ಟೆಕಿಚ್ಚಾಯಿತು. ಇವತ್ತು ಅದನ್ನು ಬೇರೆ ಹೆಸರಿನಿಂದ ಕರೆಯಲಾರೆ.

ಅದೇ ದಿನಗಳಲ್ಲಿ ಅಡಿವೆಪ್ಪ ಚಿಂದಿಯ ಗಂಟನ್ನು ತಾನೇ ಹೊತ್ತು ತರಲು ಶುರುಮಾಡಿದ. ಮೊದಲೆಲ್ಲ ನಾವು ನಾಲ್ಕು ಸಲ ಹೇಳಿಕಳಿಸಬೇಕಿತ್ತು. ಈಗ ತಾನೇ ಬಂದು, ಗಂಟು ಇಳಿಸಿ, ನೀರು ಕೇಳಿ ಕುಡಿದು, ಯಾರ ಮುಖವನ್ನೂ ನೋಡದೆ ಹೋಗುತ್ತಿದ್ದ. ಗಂಟಿನಲ್ಲಿ ಆಗಾಗ ಕತ್ತರಿಯೇ ಬೀಳದ ಕೆಂಪು ಖಣ ಸಿಗುತ್ತಿತ್ತು, ಒಂದು ಕುಪ್ಪಸಕ್ಕೆ ಸಾಕಾಗುವಷ್ಟು. ಫಕೀರವ್ವ ಅದನ್ನು ಸದ್ದಿಲ್ಲದೆ ಮಡಚಿ ತನ್ನ ಚೀಲಕ್ಕೆ ಹಾಕಿಕೊಳ್ಳುವಳು. ಎರಡು ಸಲ ಕಂಡೆ. ಕಳ್ಳಿ ಎಂದು ಮನಸ್ಸಿನಲ್ಲೇ ಬರೆದುಕೊಂಡೆ. ಆ ಖಣ ಅವಳಿಗಾಗಿಯೇ ಬರುತ್ತಿದ್ದೀತು ಎಂದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ.

ನಾಲ್ಕು ತಿಂಗಳಿಗೆ ಅವಳ ದೊಡ್ಡ ಕೌದಿ ಮುಗಿಯಿತು. ನೋಡಲು ಕೈಗೆತ್ತಿಕೊಂಡೆ. ಬೆರಳು ತಾನಾಗಿ ಮೂಲೆಗೆ ಹೋಯಿತು. ಒಳಗೆ ಗಟ್ಟಿಯಾಗಿ ಹತ್ತಿತು. ಬೆರಳಿನಲ್ಲೇ ಎಣಿಸಿದೆ. ಏಳು. ಮತ್ತೆ ಮಡಚಿಟ್ಟೆ.

ಮೂರನೆಯ ದಿನವೇ ನಾಕೆದಾರ ಬಸಲಿಂಗಯ್ಯ ಓಣಿಯಲ್ಲಿ ಮನೆಮನೆ ಹೆಸರು ಬರೆದುಕೊಳ್ಳುತ್ತ ಬಂದ. ಕೆಟ್ಟವನಲ್ಲ. ಬೆವರು ಒರೆಸಿಕೊಂಡು ಕಟ್ಟೆಯ ಮೇಲೆ ಕುಳಿತ.

"ಈಕಿ ಹೊಸಾಕಿ ಏನ್ರಿ ಅಕ್ಕಾರ?"

"ಮೇಲಿನ ಊರಾಕಿ ಅಂತ ಹೇಳ್ತಾಳ್ರಿ."

"ಕಾಗದ ಪತ್ರ ಏನರ ಅದಾವೇನವಾ?"

ಫಕೀರವ್ವ ಸೂಜಿ ನಿಲ್ಲಿಸದೆ, "ಹೊಳಿ ಬಂದು ಮನೀನ ಒಯ್ತ್ರಿ ಸಾಹೇಬ್ರ. ಕಾಗದ ಎಲ್ಲಿ ಉಳೀತಾವು?" ಅಂದಳು.

ಬಸಲಿಂಗಯ್ಯ ನನ್ನ ಕಡೆ ತಿರುಗಿದ. "ಅಕ್ಕಾರ, ನೀವು ಹೂಂ ಅಂದ್ರ ಮುಗೀತು. ಹೆಸರು ಬರಕೊಂಡು ಹೊಂಟಬಿಡ್ತೀನಿ."

ಹೂಂ ಅನ್ನಬೇಕಿತ್ತು, ಅಷ್ಟೇ. ಬಾಯಿ ತೆರೆಯುವ ಕೆಲಸವೂ ಇರಲಿಲ್ಲ. ಆದರೆ ನಾನು ಎದ್ದು ಅವಳ ಕೌದಿಯನ್ನು ತಂದೆ. ಕತ್ತರಿ ತೆಗೆದುಕೊಂಡು ಎಲ್ಲರ ಕಣ್ಣೆದುರಿಗೆ ಮೂಲೆಯ ಹೊಲಿಗೆಯನ್ನು ಬಿಚ್ಚಿದೆ. ಏಳು ಕಾಳು ಜೋಳ ಟಪಟಪನೆ ನೆಲಕ್ಕೆ ಬಿದ್ದವು.

"ಇದು ಆಚಿ ದಂಡಿ ಪದ್ಧತಿ ರೀ. ಈಚಿ ಕಡೆ ಯಾರೂ ಕೌದಿಯೊಳಗ ಕಾಳು ಹಾಕಂಗಿಲ್ಲ."

"ಹೌದೇನು? ನಿಮಗ ಹ್ಯಾಂಗ ಗೊತ್ತಾತ್ರಿ?" ಅವನಿಗೆ ಸಂಶಯವೇನೂ ಇರಲಿಲ್ಲ, ಬರೀ ಕುತೂಹಲ.

"ಯಾರೋ ಅಂದಿದ್ದು ಕೇಳೀನಿ."

ಯಾರೋ! ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು, ಎದೆಮಟ್ಟ ನೀರಿನಲ್ಲಿ ಹೊಳೆ ಹಾಯ್ದು ಬಂದ ನನ್ನ ಅವ್ವ ಆ ಯಾರೋ. ಅವಳ ಬಳಿ ಯಾವ ಚೀಟಿಯೂ ಇರಲಿಲ್ಲ. ಸಾಯುವ ಮುಂಚೆ ನನಗೊಬ್ಬಳಿಗೇ ಅದನ್ನು ಹೇಳಿದ್ದಳು. ಫಕೀರವ್ವ ತಲೆಯೆತ್ತಿ ನನ್ನನ್ನು ನೋಡಿದಳು, ಆಮೇಲೆ ನಾನು ದಿನವೂ ಹಾಸಿಕೊಂಡು ಕೂಡುವ ಅವ್ವನ ಕೌದಿಯನ್ನು ನೋಡಿದಳು. ನಾಲ್ಕು ತಿಂಗಳು ಅದರ ಪಕ್ಕದಲ್ಲೇ ಕುಳಿತಿದ್ದವಳು. ಆ ಮೂಲೆಯ ಮೇಲೆ ಅವಳ ಅಂಗೈ ಇದ್ದುದನ್ನು ನಾನೇ ಕಂಡಿದ್ದೆ. ಅವಳಿಗೆ ಗೊತ್ತಿತ್ತು. "ಅಕ್ಕಾರ ಕೌದಿನೂ ಬಿಚ್ಚಿ ನೋಡ್ರಿ ಸಾಹೇಬ್ರ" ಎಂದಿದ್ದರೆ ನನ್ನ ಕತೆಯೂ ಮುಗಿಯುತ್ತಿತ್ತು. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ನಿಂತಳು.

ಹೆಂಗಸರಲ್ಲಿ ಯಾರೋ ಪೇಟೆಗೆ ಓಡಿರಬೇಕು. ಅಡಿವೆಪ್ಪ ಕೊರಳಲ್ಲಿ ಟೇಪು ಇದ್ದಂತೆಯೇ ಏದುಸಿರು ಬಿಡುತ್ತ ಬಂದ. ಬಂದವನು ಅವಳ ಪಕ್ಕದಲ್ಲಿ ನಿಂತು, ಅಂಗಿಯ ಜೇಬಿನಿಂದ ತನ್ನ ಚೀಟಿಯನ್ನು ತೆಗೆದು ಬಸಲಿಂಗಯ್ಯನ ಮುಂದೆ ಹಿಡಿದ.

"ಈಕಿ ನನ್ನ ಹೇಣ್ತಿ ರೀ."

ಬಸಲಿಂಗಯ್ಯ ಕೈ ಮುಂದೆ ಚಾಚಲೇ ಇಲ್ಲ. "ಸುಮ್ನ ಇದ್ದಿದ್ರ ನಿನ್ನ ಚೀಟಿ ಉಳೀತಿತ್ತಲ್ಲೋ ಮಾರಾಯಾ!"

"ಆರು ವರ್ಷ ಸುಮ್ನ ಇದ್ದೆನ್ರಿ."

"ನನಗೂ ಹೆಂಡ್ರು ಮಕ್ಕಳು ಅದಾರ, ನನಗೇನು ಕರಳು ಇಲ್ಲೇನು? ಆದ್ರ ಈಕಿನ್ನ ಬಿಟ್ರ ಆಚಿ ದಂಡ್ಯಾಗ ಕಾಯಕೋತ ಕುಂತ ಮಂದಿಗೆ ಏನಂತ ಹೇಳ್ಲಿ?"

"ಅವರನ್ನ ಲಗೂನ ಕರೀರಿ ಸಾಹೇಬ್ರ. ಕರದ್ರ ಯಾರು ಹೊಳ್ಯಾಗ ಇಳೀತಾರ?"

ಬಸಲಿಂಗಯ್ಯ ಮತ್ತೆ ಬೆವರು ಒರೆಸಿಕೊಂಡ. ಒಬ್ಬರ ಪ್ರಶ್ನೆಗೆ ಇನ್ನೊಬ್ಬರ ಬಳಿ ಪೂರ್ತಿ ಉತ್ತರವಿತ್ತು ಎನ್ನಲಾರೆ. ನಾನು ಮಾತ್ರ ತಡೆಯಲಾರದೆ, "ನನಗ ಒಂದ ಮಾತು ಹೇಳಬಾರದಾಗಿತ್ತೇನೋ ಅಡಿವೆಪ್ಪಾ?" ಅಂದೆ.

"ಹ್ಯಾಂಗ ಹೇಳ್ಲ್ರಿ ಅಕ್ಕಾರ? ದಿನಾ ನನ್ನ ಹೆಸರು ಮುಂದ ಮಾಡ್ಕೊಂಡು ಕಳ್ಳರು ಕಳ್ಳರು ಅಂತಿದ್ರಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಮಧ್ಯಾಹ್ನ ಇಬ್ಬರೂ ಸೇತುವೆ ದಾಟಿದರು. ಹೊಲಿಗೆ ಯಂತ್ರವನ್ನು ಒಯ್ಯಲು ಬಿಡಲಿಲ್ಲ. ನಾನು ನಾಕೆಯವರೆಗೆ ಹೋಗಿದ್ದೆ, ಯಾವ ಮುಖ ಹೊತ್ತು ಹೋದೆನೋ ತಿಳಿಯದು. ಫಕೀರವ್ವ ಕೆಂಪು ಖಣದ ಹೊಸ ಕುಪ್ಪಸ ತೊಟ್ಟಿದ್ದಳು. ನನ್ನ ಮುಂದೆ ಒಂದು ಗಳಿಗೆ ನಿಂತಳು.

"ಆ ಮೂಲಿ ಹೊಲದಬಿಡ್ರಿ ಅಕ್ಕಾರ. ಕೌದಿ ಹಸಕೊಂಡಿರಬಾರದು."

ಅವ್ವನ ಮಾತು, ಅವ್ವನದೇ ರಾಗ. ನಾನು ಮನೆಗೆ ಬಂದು ಪಡಸಾಲೆಯ ಕಸ ಗುಡಿಸಿದೆ. ಆ ಏಳು ಕಾಳುಗಳನ್ನೂ ಗುಡಿಸಿ ಹಾಕಿದೆ. ಅವನ್ನು ಯಾರಾದರೂ ನೋಡಿ "ನಿಮಗ ಹ್ಯಾಂಗ ಗೊತ್ತಾತು" ಎಂದು ನನ್ನನ್ನು ಇನ್ನೊಮ್ಮೆ ಕೇಳಿಯಾರೆಂಬ ಹೆದರಿಕೆ ಆಗಲೂ ಬಿಟ್ಟಿರಲಿಲ್ಲ.

ಕಾಯ್ದೆಯೇ ಬೇಡ ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಊರೆಂದ ಮೇಲೆ ಬಾಗಿಲು ಇರಬೇಕು. ಆದರೆ ಆ ದಿನ ನಾನು ಕಾಯ್ದೆಗಾಗಿ ಕತ್ತರಿ ಹಿಡಿಯಲಿಲ್ಲ. ನನ್ನ ಹೊಟ್ಟೆಕಿಚ್ಚಿಗಾಗಿ ಹಿಡಿದೆ. ಅವಳನ್ನು ತೋರಿಸಿಕೊಟ್ಟರೆ ನನ್ನ ಕಡೆ ಯಾರೂ ನೋಡರು ಎಂದು ಹಿಡಿದೆ. ಅವ್ವನ ಗುಟ್ಟನ್ನೇ ತೆಗೆದು ಅವ್ವನಂಥವಳ ಮೇಲೆ ಎಸೆದೆ. ಎಷ್ಟು ವರ್ಷವಾದರೂ ಫಕೀರವ್ವನ ಕೌದಿಯ ಮೂಲೆಯನ್ನು ನನಗೆ ಮುಚ್ಚಲಾಗಲಿಲ್ಲ. ಹಾಗೆಯೇ ಪೆಟ್ಟಿಗೆಗೆ ಹಾಕಿಟ್ಟಿದ್ದೆ.

ಹೋದ ತಿಂಗಳು ಒಬ್ಬ ನಡುವಯಸ್ಸಿನ ಹೆಂಗಸು ಕೆಲಸಕ್ಕೆ ಬಂದಳು. ಮೇಲಿನ ಊರಿನವಳಂತೆ. ನಾನು ಹೆಚ್ಚು ಕೇಳಲಿಲ್ಲ. ಮೊನ್ನೆ ಅವ್ವನ ಕೌದಿಯ ತುದಿಯಲ್ಲಿ ಕುಳಿತವಳ ಬೆರಳು ಆ ಮೂಲೆಯ ಮೇಲೆ ನಿಂತಿತು. ಒತ್ತಿದಳು. ಕೂಡಲೇ ಕೈ ಹಿಂದಕ್ಕೆಳೆದುಕೊಂಡು ನನ್ನ ಮುಖ ನೋಡಿದಳು. ಆ ಕಣ್ಣಿನ ಹೆದರಿಕೆ ನನಗೆ ಹೊಸದಲ್ಲ, ಅದರೊಂದಿಗೇ ಬೆಳೆದವಳು ನಾನು. ನನ್ನ ಅವ್ವನೂ ಆಚಿ ದಂಡಿಯಾಕಿ ಎಂದು ಹೇಳಬೇಕೆನಿಸಿತು. ಎಲ್ಲ ಹೆಂಗಸರೂ ಇದ್ದರು. ನನ್ನ ಜೋರುಬಾಯಿ ಅಲ್ಲಿ ಮತ್ತೆ ಕೈಕೊಟ್ಟಿತು. ಪೆಟ್ಟಿಗೆಯಿಂದ ಫಕೀರವ್ವನ ಕೌದಿಯನ್ನು ತೆಗೆದು, ಬಾಯಿ ಬಿಟ್ಟ ಮೂಲೆಯನ್ನು ಅವಳ ಮುಂದೆ ಇಟ್ಟೆ.

"ಇದನ್ನ ನಾಳಿಗೆ ಹೊಲಿಯೂದೈತಿ. ಬರಬೇಕಾದ್ರ ಒಂದು ಹಿಡಿ ಜ್ವಾಳ ತಗೊಂಡು ಬಾರವಾ" ಅಂದೆ.

ಮರುದಿನ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಬಂದು ನನ್ನೆದುರು ಕುಳಿತು, ಸೆರಗಿನ ತುದಿಯ ಗಂಟನ್ನು ಬಿಚ್ಚಿ ನನ್ನ ಅಂಗೈಗೆ ಸುರಿದಳು. ಹಿಡಿ ತುಂಬ ತರಲು ಹೇಳಿದ್ದೆ. ಏಳೇ ಕಾಳು ಇದ್ದವು.