ಮೇಲಿನ ಹಲ್ಲು

ಹಲ್ಲು ಬರುವುದಾದರೆ ಕೆಳಗಿನದು ಮೊದಲು ಬರಬೇಕು, ಎಲ್ಲ ಮಕ್ಕಳಿಗೂ ಹಾಗೇ ತಾನೆ? ಜಲಜಳ ಮಗನಿಗೆ ಮೇಲಿನದೇ ಮೊದಲು ಬಂತು. ಬಂದದ್ದೇ ತಡ, ಹಾಲು ಕುಡಿಯುತ್ತ ಅಮ್ಮನನ್ನು ಕಚ್ಚಿದ. ಅವಳು ಕಿಟಾರನೆ ಕಿರುಚಿದಳು. ಎಂಟು ತಿಂಗಳ ಕೂಸು ಬೆಚ್ಚಿಬಿದ್ದು ಅತ್ತಿತು. ಅಂದಿನಿಂದ ಎದೆ ಹತ್ತಿರ ತಂದರೆ ಸಾಕು, ಮುಖ ತಿರುಗಿಸಿ ರಚ್ಚೆ ಹಿಡಿಯುತ್ತಿತ್ತು.

ಕಿರುಚಿದ್ದಕ್ಕೆ ಹೆದರಿದೆ ಎಂದು ಹುಂಚದ ಆ ಮನೆಯಲ್ಲಿ ಒಬ್ಬರಿಗಾದರೂ ಹೊಳೆಯಬಾರದೇ? ಅತ್ತೆ ಶೇಷಮ್ಮ ತಪ್ಪನ್ನೆಲ್ಲ ಹಲ್ಲಿನ ತಲೆಗೇ ಕಟ್ಟಿದರು.

"ಮೇಲಿನ ಹಲ್ಲು ಮೊದ್ಲು ಬಂದ್ರೆ ಸೋದರಮಾವನಿಗೆ ಆಗಲ್ಲ. ಅವ್ನು ಬಂದು ಎಣ್ಣೆ ಬಟ್ಟಲಲ್ಲಿ ಕೂಸಿನ ಮುಖ ನೋಡೋ ತನಕ ಎಲ್ಲಾ ಹಿಂಗೇಯ."

ಜಲಜಳ ತವರು ಅರಳಸುರಳಿಗೆ ಹೇಳಿಕಳಿಸಿದ್ದಾಯಿತು. ಅಲ್ಲಿಯವರೆಗೆ ಒಳಲೆಯಲ್ಲಿ ಹಸುವಿನ ಹಾಲು ಹೊಯ್ದರು.

ಎರಡು ದಿನದಲ್ಲಿ ಜಲಜಳ ಎದೆ ಕಲ್ಲಾಯಿತು. ಹಿತ್ತಲಲ್ಲಿ ಹಾಲು ಹಿಂಡಿ ಚೆಲ್ಲುವಾಗ ಅತ್ತಳು. ನೋವಿಗಲ್ಲ, ಮಗನಿಗೆ ನಾನು ಬೇಡವಾದೆನೇ ಎಂಬ ಸಂಕಟಕ್ಕೆ.

ಮೂರನೆಯ ಮಧ್ಯಾಹ್ನ ಅಣ್ಣ ಧರ್ಮಪ್ಪ ಬಸ್ಸಿಳಿದು ಬಂದ. ಎಣ್ಣೆಯಲ್ಲಿ ನೋಡುವ ಮೊದಲು ಅವನ ಕಣ್ಣಿಗೆ ಕೂಸು ಬೀಳಕೂಡದು. ಶೇಷಮ್ಮ ಜಲಜಳನ್ನೂ ಕೂಸನ್ನೂ ಅಕ್ಕಿ ಕೋಣೆಗೆ ಕಳಿಸಿ ಬಾಗಿಲೆಳೆದರು. "ಕರೆಯೋ ತನಕ ಹೊರಗೆ ಬರ್ಬೇಡ."

ಕೋಣೆಯಲ್ಲಿ ಮಬ್ಬು ಬೆಳಕು, ಹೊಸ ಅಕ್ಕಿಯ ವಾಸನೆ. ಕುಡಿ ಕುಡಿ ಎಂದು ಕೂಸಿನ ಪ್ರಾಣ ತಿನ್ನುವವರಿಲ್ಲ. ಜಲಜ ಮಗನನ್ನು ತಬ್ಬಿ ಚಾಪೆಗೆ ಒರಗಿದಳು. ಎರಡು ದಿನದ ನಿದ್ದೆ ಒಟ್ಟಿಗೇ ಬಂತು. ತವರಿನ ಹೊಳೆಯಲ್ಲಿ ಮಗನನ್ನೆತ್ತಿಕೊಂಡು ನಿಂತ ಹಾಗೆ, ನೀರು ಬೆಚ್ಚಗೆ ಸೊಂಟದವರೆಗೆ ಏರಿ ಅವಳ ಭಾರವನ್ನೆಲ್ಲ ಹೊತ್ತ ಹಾಗೆ ಆಯಿತು. ಕನಸೋ ಎಚ್ಚರವೋ, ಎದೆ ಹಗುರಾಗುತ್ತ ಬಂತು. ಅರೆಗಣ್ಣು ತೆರೆದರೆ, ಕೂಸು ನಿದ್ದೆಗಣ್ಣಿನಲ್ಲೇ ಕುಡಿಯುತ್ತಿತ್ತು.

ಹಲ್ಲು ಒತ್ತಿತು. ಜೀವ ಹೋದಂತಾದರೂ ಅವಳು ಕಿರುಚಲಿಲ್ಲ. ಕೂಸಿನ ಬಾಯಿಯ ಮೂಲೆಗೆ ಕಿರುಬೆರಳು ತೂರಿಸಿ ಮೆಲ್ಲಗೆ ಬಿಡಿಸಿದಳು, ಮತ್ತೆ ಕೊಟ್ಟಳು. ಕೂಸು ಮುಖ ತಿರುಗಿಸಲಿಲ್ಲ.

ಕರೆಯಲು ಬಂದ ಶೇಷಮ್ಮ ಹೊಸಿಲಲ್ಲೇ ನಿಂತರು.

"ನಾ ಕಿರುಚಿದ್ದಕ್ಕೆ ಹೆದರಿತ್ತು, ಅತ್ತೆ," ಎಂದಳು ಜಲಜ ಪಿಸುಮಾತಿನಲ್ಲಿ.

ಶೇಷಮ್ಮ ಸದ್ದಾಗದಂತೆ ಬಾಗಿಲೆಳೆದು ಜಗಲಿಗೆ ಬಂದರು. ಧರ್ಮಪ್ಪ ಎಣ್ಣೆ ಬಟ್ಟಲ ಮುಂದೆ ಚಕ್ಕಳಮಕ್ಕಳ ಕೂತಿದ್ದ.

"ಗಳಿಗೆ ಮೀರ್ತಾ ಇದೆ, ಅಮ್ಮಾ. ಮೀರಿದ್ರೆ ನನ್ ಗತಿ?"

"ಮೀರ್ಲಿ, ನಿಮ್ಗೇನಾಗಲ್ಲ," ಎಂದರು ಶೇಷಮ್ಮ. "ಕೂಸು ಅಮ್ಮನ ಹತ್ರ ಇದೆ."