ಮಾಳಿಗೆ ರಾಣಿ ಇಳಿದು ಬಂದ ದಿನ

ಸೀಗಡಿ ಡಬ್ಬಿಯನ್ನು ತಿಕ್ಕಿ ತೊಳೆದಿಟ್ಟದ್ದಕ್ಕೆ ಅಕ್ಕನ ತುಟಿ ಒಡೆದಿತ್ತು.

ಡಬ್ಬಿ ಅವಳದಲ್ಲ, ಸೀಗಡಿಯೂ ಅವಳದಲ್ಲ. ಎರಡೂ ತಮ್ಮನವು. ಈ ತಮ್ಮನಿಗೆ ಪೇಟೆಬೀದಿಯಲ್ಲಿ ಒಂದು ಫೋಟೋ ಸ್ಟುಡಿಯೋ ಇತ್ತು. ವಾರವಿಡೀ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನು ತೆಗೆದು ತೆಗೆದು ಬೇಸತ್ತವನು ರಜೆಯ ದಿನ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಚಿಟ್ಟೆಗಳ ಹಿಂದೆ ಹೊರಡುತ್ತಿದ್ದ. ಅಕ್ಕನ ಗಂಡ ವೆಲ್ಡರ್. ಮನೆಯ ಅಂಗಳವೇ ಅವನ ಕಾರ್ಖಾನೆ. ಗೇಟು, ಕಿಟಕಿ, ಏಣಿ ಎಲ್ಲ ಅಲ್ಲೇ ತಯಾರು. ಚಿಟ್ಟೆಯ ಹುಚ್ಚು ಅವನಿಗೂ ಅಂಟಿತ್ತು. ಭಾವ ಭಾಮೈದ ಒಂದೇ ಬೈಕಿನಲ್ಲಿ ನಗುನಗುತ್ತಾ ಊರಾಚೆ ಹೋಗುವುದನ್ನು ಕಂಡವರು, ಸಂಬಂಧ ಅಂದರೆ ಹೀಗಿರಬೇಕು ಎಂದು ಹೊಟ್ಟೆಕಿಚ್ಚು ಪಡುತ್ತಿದ್ದರು.

ಇನ್ನು ಡಬ್ಬಿಯ ಕಥೆ. ಇವರು ಹುಡುಕುತ್ತಿದ್ದ ಚಿಟ್ಟೆ ಎತ್ತರದ ಮರಗಳ ತುದಿ ಬಿಟ್ಟು ಇಳಿಯುವುದಿಲ್ಲ. ಅದಕ್ಕೇ ಚಿಟ್ಟೆಯವರು ಅದನ್ನು ಮಾಳಿಗೆ ರಾಣಿ ಎಂದು ಕರೆಯುತ್ತಾರೆ. ರಾಣಿಗೆ ಹೂವು ಗೀವು ಹಿಡಿಸುವುದಿಲ್ಲ. ಕೊಳೆತ ಸೀಗಡಿ, ಸತ್ತ ಏಡಿ, ಸಗಣಿ, ಇಂಥವಕ್ಕೆ ಮಾತ್ರ ಕೆಳಗೆ ಬರುತ್ತಾಳೆ. ಆದ್ದರಿಂದ ಸೀಗಡಿಯನ್ನು ಉಪ್ಪಿನೊಡನೆ ಡಬ್ಬಿಗೆ ತುಂಬಿ, ಗಬ್ಬೆದ್ದು ನಾರುವ ತನಕ ಬಿಸಿಲಿಗಿಟ್ಟು, ಆಮೇಲೆ ಕಲ್ಲಿನ ಮೇಲೆ ಸವರಿ ಕಾಯಬೇಕು. ಗಿರಾಕಿಗಳು ಬರುವ ಸ್ಟುಡಿಯೋದಲ್ಲಿ ಅದನ್ನು ಇಡಲಾಗದೆ ತಮ್ಮ ಅಕ್ಕನ ಹಿತ್ತಿಲಿನಲ್ಲಿ ಇಟ್ಟು ಹೋಗಿದ್ದ.

"ಪಕ್ಕದ ಮನೆಯವರು ಬಂದು, ನಿಮ್ಮಲ್ಲಿ ಹೆಗ್ಗಣ ಸತ್ತಿದೆಯಾ ಅಂತ ಕೇಳಿದ್ರು ಕಣೋ," ಎಂದಳು ಅಕ್ಕ. ಬಲಗಣ್ಣು ಊದಿ ಮುಚ್ಚಿಕೊಂಡಿತ್ತು. ಮಾತಾಡುವಾಗ ತುಟಿಯ ಸೀಳು ಬಿಟ್ಟುಕೊಂಡು ರಕ್ತ ಜಿನುಗಿತು. ಅವಳು ಸೆರಗಿನ ತುದಿಯಿಂದ ಒತ್ತಿಕೊಂಡಳು. "ಗಬ್ಬು ತಡೆಯೋಕಾಗ್ಲಿಲ್ಲ. ಚೆಲ್ಲಿ ತೊಳೆದ್ಬಿಟ್ಟೆ."

"ಅಷ್ಟಕ್ಕೇ ಹೊಡೆದ್ರಾ?"

"ಹೋದ ಸಲ ಅಷ್ಟೂ ಇರ್ಲಿಲ್ಲ. ಸುಮ್ನೆ ನಕ್ಕೆ ಅಂತ." ಒಳಗೆ ಬಚ್ಚಲಲ್ಲಿ ಗಂಡ ಮುಖ ತೊಳೆಯುವ ಸದ್ದು ಕೇಳಿ ಅವಳು ದನಿ ತಗ್ಗಿಸಿದಳು. "ಇವತ್ತು ಸಂಜೆ ನಾನು ನಿನ್ನ ಜೊತೆ ಬಂದ್ಬಿಡ್ತೀನಿ. ಇನ್ನು ಈ ಮನೇಲಿ ಇರಲ್ಲ. ಅವರಿಗೆ ನೀನೇ ಹೇಳು. ನಾನು ಈ ನಾಲ್ಕು ಗೋಡೆ ಮಧ್ಯ ಹೇಳಿದ್ರೆ ಕೊಂದೇಬಿಡ್ತಾರೆ. ನೀನು ಬಯಲಲ್ಲಿ ಹೇಳು."

"ಹೇಳ್ತೀನಕ್ಕ. ನಿನ್ನಾಣೆ."

"ಆಣೆ ಬೇಡಪ್ಪ. ಹೇಳು, ಸಾಕು."

ಭಾವ ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಾ ಬಂದ. ಭಾರಿ ಆಳು. ಮುಂಗೈ ತುಂಬಾ ಕಿಡಿ ಸಿಡಿದ ಸಣ್ಣ ಸಣ್ಣ ಕಲೆಗಳು. "ಏನೋ ಮಸುಕು, ಹೊರಡೋಣ್ವಾ? ನಿನ್ನಕ್ಕನ ದಯೆಯಿಂದ ರಾಣಿಗೆ ಇವತ್ತು ಉಪವಾಸ!" ಎಂದು ತಾನೇ ಜೋರಾಗಿ ನಕ್ಕ.

ಮಸುಕು ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಹಿಂದೊಮ್ಮೆ ಸ್ಟುಡಿಯೋದವನಿಗೆ ಇದೇ ರಾಣಿ ಸಿಕ್ಕಿದ್ದಳು, ಆದರೆ ಕೈ ನಡುಗಿ ಫೋಟೋ ಪೂರಾ ಮಸುಕಾಗಿತ್ತು. ಚಿಟ್ಟೆಯವರ ಕೂಟದಲ್ಲಿ ತೋರಿಸಿದಾಗ ಒಬ್ಬರು ಒಣಗಿದ ಎಲೆ ಅಂದರು. ಇನ್ನೊಬ್ಬರು ಕಣ್ಣು ಕಿರಿದು ಮಾಡಿ ನೋಡಿ, "ಇದು ನಿಮ್ಮದೇ ಹೆಬ್ಬೆರಳಲ್ವಾ ಸಾರ್?" ಅಂದರು. ಅಂದಿನಿಂದ ಅವನು ಮಸುಕು. ಒಂದೇ ಒಂದು ಸ್ಪಷ್ಟ ಫೋಟೋ ಸಿಕ್ಕಿದರೆ ಅಷ್ಟೂ ಬಾಯಿ ಮುಚ್ಚಿಸಬಹುದೆಂದು ಅವನು ಕಾಯುತ್ತಿದ್ದ.

ದಾರಿಯಲ್ಲಿ ಹೇಳೋಣವೆಂದುಕೊಂಡ. ಬೈಕಿನ ಸದ್ದಿನಲ್ಲಿ ಕೇಳಿಸುವುದಿಲ್ಲ ಎಂದು ಬಿಟ್ಟ. ಬೈಕು ನಿಲ್ಲಿಸಿ ಹೇಳೋಣವೆಂದುಕೊಂಡ. ನಿಲ್ಲಿಸಿದಾಗ ಭಾವ ಬೀಡಿ ಹಚ್ಚಿ ಅವನಿಗೂ ಒಂದು ಕೊಟ್ಟ. ಬೀಡಿ ಕೊಟ್ಟವನ ಮುಖಕ್ಕೆ ಹೇಗೆ ಹೇಳುವುದು? ಹೀಗೇ ತಳ್ಳುತ್ತಾ ತಳ್ಳುತ್ತಾ ಹಳ್ಳದ ದಂಡೆ ಬಂದೇಬಿಟ್ಟಿತು.

ಹಳ್ಳದಲ್ಲಿ ಮೊಣಕಾಲು ಮುಳುಗುವಷ್ಟು ನೀರು, ಎರಡೂ ಕಡೆ ಉರುಟುಗಲ್ಲು, ಮೇಲೆ ಆಕಾಶ ಮುಚ್ಚುವಂಥ ಮರಗಳು. ಭಾವ ತನ್ನ ಕೈಯಾರೆ ಕಬ್ಬಿಣದ ಪೈಪು ಬೆಸೆದು ಮಾಡಿದ ಮೂರುಕಾಲಿನ ಸ್ಟ್ಯಾಂಡನ್ನು ದಡದಲ್ಲಿ ಊರಿದ. ಅಂಗಡಿ ಸ್ಟ್ಯಾಂಡುಗಳು ಅವನ ಲೆಕ್ಕದಲ್ಲಿ ಹಲ್ಲುಕಡ್ಡಿ. "ಇದರ ಮೇಲೆ ಆನೆ ಕೂತ್ರೂ ಅಲ್ಲಾಡಲ್ಲ," ಎಂದು ಪ್ರತಿ ಸಲವೂ ಹೇಳುವಂತೆ ಹೇಳಿದ. ಬಳಿಕ ಮರಳಿನ ಮೇಲೆ ಉಚ್ಚೆ ಹೊಯ್ದು, "ಇದಕ್ಕೂ ಬರ್ತಾಳೆ, ಇರು," ಎಂದ.

ರಾಣಿ ಇದ್ದಳು. ಅದೇ ಸಂಕಟ. ಎಲ್ಲಕ್ಕಿಂತ ಎತ್ತರದ ಮರದ ನೆತ್ತಿಯಲ್ಲಿ ಕಪ್ಪು ರೆಕ್ಕೆಯೊಂದು ಹೊರಳಿದಾಗಲೆಲ್ಲ ನೇರಳೆ ಬಣ್ಣ ಝಗ್ಗೆಂದು ಹೊಳೆದು ಆರುತ್ತಿತ್ತು. ಸುತ್ತುವಳು, ಕೂರುವಳು, ಮತ್ತೆ ಸುತ್ತುವಳು. ಬಿಸಿಲು ನೆತ್ತಿಗೇರಿತು. ಇಳಿಯಲೊಲ್ಲಳು.

"ಥೂ!" ಭಾವ ಕಲ್ಲೊಂದನ್ನು ಎತ್ತಿ ನೀರಿಗೆ ಬೀಸಿದ. "ಆ ಡಬ್ಬಿ ಒಂದಿದ್ದಿದ್ರೆ ಇಷ್ಟೊತ್ತಿಗೆ ನಮ್ಮ ಕಾಲಬುಡದಲ್ಲಿ ಕೂತಿರೋಳು. ನಿನ್ನಕ್ಕನಿಗೆ ನಾನು ಕೊಟ್ಟಿದ್ದು ಸಾಲದು ಕಣೋ. ಇವತ್ತು ಹೋಗಿ ಬಾಕಿ ತೀರಿಸ್ತೀನಿ ನೋಡು."

ಸ್ಟುಡಿಯೋದವನ ಬಾಯಿಂದ ಮಾತು ಆಗ ಹೊರಬಿತ್ತು. "ಭಾವ, ಅಕ್ಕ ಇವತ್ತು ಸಂಜೆ ನನ್ನ ಜೊತೆ ಬರ್ತಾಳೆ. ಇನ್ನು ನಿಮ್ಮನೇಲಿ ಇರಲ್ಲ."

"ಏನಂದೆ?"

"ಕರ್ಕೊಂಡು ಹೋಗ್ತೀನಿ ಅಂದೆ."

ಭಾವ ಮೊದಲು ನಕ್ಕ. ನಗುತ್ತಲೇ ಎದ್ದು ಬಂದು ಕಪಾಳಕ್ಕೆ ಬಾರಿಸಿದ. ಏಟಿನ ರಭಸಕ್ಕೆ ಸ್ಟುಡಿಯೋದವನು ಕಲ್ಲುಗಳ ಮೇಲೆ ಅಂಗಾತ ಬಿದ್ದ. ಎದ್ದೇಳುವಷ್ಟರಲ್ಲಿ ಪಕ್ಕೆಗೆ ಒದೆ ಬಿತ್ತು, ಇನ್ನೊಂದು ಬಿತ್ತು. ಒಳಗೆ ಏನೋ ಲಟಕ್ಕೆಂದಿತು. ಭಾವ ಅವನ ಕೂದಲು ಹಿಡಿದು ಎಳೆದುಕೊಂಡು ಹೋಗಿ ಮುಖವನ್ನು ಹಳ್ಳಕ್ಕೆ ಅದ್ದಿದ. "ಕರ್ಕೊಂಡ್ ಹೋಗ್ತೀಯಾ? ಹಾಂ? ನನ್ನ ಹೆಂಡ್ತೀನ?" ಎತ್ತಿ ಕೇಳುವನು, ಮತ್ತೆ ಅದ್ದುವನು. ಮೂಗಿಗೆ ಮರಳು ನುಗ್ಗಿತು. ಹಲ್ಲೊಂದು ಕಲ್ಲಿಗೆ ತಗುಲಿ ಮುರಿದು ನಾಲಿಗೆಯ ಮೇಲೆ ಉಳಿಯಿತು. ಆಮೇಲೆ ಭಾವನಿಗೇ ಬೇಸರವಾಯಿತೋ ಕೈ ನೊಂದಿತೋ, ಬಿಟ್ಟು ದಡದ ಬಂಡೆಯ ಮೇಲೆ ಹೋಗಿ ಕೂತು ಬೀಡಿ ಹುಡುಕಿದ.

"ಏಳು. ಮುಖ ತೊಳ್ಕೋ. ಹೆಣ್ಣುಮಕ್ಕಳ ಹಾಗೆ ಅಳ್ಬೇಡ."

ಸ್ಟುಡಿಯೋದವನು ಎದ್ದ. ಮುಖ ತೊಳೆಯಲಿಲ್ಲ. ದಡದಲ್ಲಿ ಊರಿದ್ದ ಕಬ್ಬಿಣದ ಸ್ಟ್ಯಾಂಡನ್ನು ಕಿತ್ತುಕೊಂಡು ಹಿಂದಿನಿಂದ ಭಾವನ ತಲೆಗೆ ಬೀಸಿದ. ಭಾವ ಆ ಸದ್ದಿಗೆ ಅರ್ಧ ತಿರುಗಿದ್ದರಿಂದ ಏಟು ಹಣೆಯ ಮೇಲೆ ಬಿದ್ದು ಚರ್ಮ ಹುಬ್ಬಿನ ತನಕ ತೆರೆದುಕೊಂಡಿತು. ಎರಡನೆಯದು ಹೆಗಲಿಗೆ. ಆ ತೋಳು ಜೋತುಬಿತ್ತು. ಭಾವ ಬಂಡೆಯಿಂದ ಜಾರಿ ಕಾಲು ಚಾಚಿಕೊಂಡು ಕೂತ. ರಕ್ತ ಮೂಗಿನ ಪಕ್ಕದಿಂದ ಗಲ್ಲಕ್ಕೆ, ಗಲ್ಲದಿಂದ ಅಂಗಿಗೆ ಇಳಿಯಿತು. ಸ್ಟುಡಿಯೋದವನು ಮತ್ತೊಮ್ಮೆ ಸ್ಟ್ಯಾಂಡ್ ಎತ್ತಿದ. ಈ ಸಲ ನೆತ್ತಿಗೇ ಗುರಿ. ಕೊಲ್ಲಬೇಕೆಂದೇ ಎತ್ತಿದ್ದು, ಅದರಲ್ಲಿ ಅನುಮಾನವಿಲ್ಲ.

ಆಗ ನೆರಳೊಂದು ಇಬ್ಬರ ನಡುವೆ ಹಾದುಹೋಯಿತು.

ರಾಣಿ ಒಂದು ಸುತ್ತು ಸುತ್ತಿದಳು, ಇನ್ನೊಂದು ಸುತ್ತಿಗೆ ಭಾವನ ಹಣೆಯ ಮೇಲೆ ಇಳಿದಳು. ರೆಕ್ಕೆ ಮಡಚಿ, ಬಿಡಿಸಿ, ಸೀಳಿನ ಅಂಚಿಗೆ ನಾಲ್ಕು ಹೆಜ್ಜೆ ನಡೆದು, ಹಳದಿ ನಾಲಿಗೆ ಚಾಚಿ ಹಸಿ ರಕ್ತ ಹೀರತೊಡಗಿದಳು.

ಭಾವ ಕಲ್ಲಾದ. ಎಷ್ಟೇ ಕೆಟ್ಟವನಾಗಲಿ, ಚಿಟ್ಟೆಯವನಲ್ಲವೇ? ಮೈಮೇಲೆ ಚಿಟ್ಟೆ ಕೂತರೆ ಉಸಿರು ಬಿಗಿಹಿಡಿಯುವುದು ಅವನ ರಕ್ತದಲ್ಲೇ ಇತ್ತು.

ಸ್ಟುಡಿಯೋದವನು ಸ್ಟ್ಯಾಂಡನ್ನು ಸದ್ದಾಗದಂತೆ ಕೆಳಗಿಟ್ಟು ಕ್ಯಾಮೆರಾ ಎತ್ತಿಕೊಂಡ. ಮೊಣಕಾಲೂರಿದ. ಕೈ ನಡುಗಲಿಲ್ಲ. ಆದರೆ ಭಾವನ ತಲೆ ಬಾಗಿದ್ದರಿಂದ ರೆಕ್ಕೆಯ ಮೇಲೆ ನೆರಳಿತ್ತು. ದಿನಕ್ಕೆ ಎಷ್ಟೋ ಸಲ ಹೇಳಿ ಬಾಯಿಪಾಠವಾದ ಮಾತು ರಕ್ತದ ಬಾಯಿಯಿಂದ ತಾನಾಗಿಯೇ ಬಂತು. "ಗದ್ದ ಸ್ವಲ್ಪ ಎತ್ತಿ. ಹಾಂ. ಅಲ್ಲಾಡ್ಬೇಡಿ."

ಭಾವ ಗದ್ದ ಎತ್ತಿದ. ಬೆಳಕು ಬಿದ್ದು ರೆಕ್ಕೆಗಳು ನೇರಳೆಯಾಗಿ ಉರಿದವು. ಜೊತೆಯಲ್ಲೇ ಅವನ ನೆಟ್ಟಗಿದ್ದ ಕೈ ನಿಧಾನವಾಗಿ ಮೇಲೇರಿ ಕಿವಿಯ ಪಕ್ಕ ಬಂದು ನಿಂತಿತು. ಅಂಗೈ ಬಿಚ್ಚಿತ್ತು.

"ಒಂದೇ ಏಟು," ಎಂದ, ತುಟಿ ಅಲ್ಲಾಡಿಸದೆ. "ಹಿಟ್ಟಾಗ್ತಾಳೆ. ಹೇಳು, ಅಕ್ಕನ ವಿಷಯ ಇಲ್ಲಿಗೆ ಮುಗೀತಾ?"

"ಭಾವ..."

"ಭಾವ ಗೀವ ಬೇಡ. ಅವಳು ನನ್ನ ಮನೇಲೇ ಇರ್ತಾಳೆ. ನೀನು ಇನ್ನು ಬಾಯಿ ಬಿಡಲ್ಲ. ಮುಗೀತು ಅನ್ನು, ಎಷ್ಟು ಬೇಕಾದ್ರೂ ಫೋಟೋ ಹೊಡ್ಕೋ. ಇಲ್ಲಾಂದ್ರೆ ನೀನು ಸಾಯೋವರೆಗೂ ಮಸುಕು."

ಹಳ್ಳದ ನೀರು ಹರಿಯುತ್ತಲೇ ಇತ್ತು. ರಾಣಿ ಕಾಲು ಬದಲಿಸಿದಳು. ಅವಳು ಎಷ್ಟು ಹತ್ತಿರವಿದ್ದಳೆಂದರೆ ನಾಲಿಗೆ ಸೀಳಿನೊಳಗೆ ಬಾಗುವುದೂ ಕಾಣುತ್ತಿತ್ತು.

"ಮುಗೀತು," ಎಂದ ಸ್ಟುಡಿಯೋದವನು.

ಕ್ಯಾಮೆರಾ ಕಿಟಕಿಟನೆ ಸದ್ದು ಮಾಡಿತು.

ಹಿಂತಿರುಗುವಾಗ ಭಾವ ಹರಿದ ಅಂಗಿಯನ್ನು ತಲೆಗೆ ಸುತ್ತಿಕೊಂಡು ಹಿಂದೆ ಕೂತಿದ್ದ. ತಲೆ ಸುತ್ತಿದಾಗಲೆಲ್ಲ ಭಾಮೈದನ ಮುರಿದ ಪಕ್ಕೆಯನ್ನೇ ಅವುಚುತ್ತಿದ್ದ. "ಪರವಾಗಿಲ್ಲ ಕಣೋ, ಕೈ ಚೆನ್ನಾಗಿ ಬೀಸ್ತೀಯ," ಎಂದು ಹೊಗಳಿದ. "ಯಾರಾದ್ರೂ ಕೇಳಿದ್ರೆ ಬೈಕಿಂದ ಬಿದ್ವಿ ಅನ್ನೋಣ." ಸ್ಟುಡಿಯೋದವನು ತಲೆಯಾಡಿಸಿದ.

ಅಕ್ಕ ಗೇಟಿನಲ್ಲೇ ನಿಂತಿದ್ದಳು. ಸೀರೆ ಬದಲಿಸಿ ಕಾಲಿಗೆ ಚಪ್ಪಲಿ ಮೆಟ್ಟಿದ್ದಳು. ಇಬ್ಬರ ಮುಖವನ್ನೂ ನೋಡಿದಳು. ಭಾವ ತೂರಾಡುತ್ತಾ ಒಳಗೆ ಬಂದು ಕಬ್ಬಿಣದ ರಾಶಿಯ ಪಕ್ಕದ ಕುರ್ಚಿಗೆ ಬಿದ್ದ.

"ಹೇಳಿದ್ಯಾ?" ಎಂದು ತಮ್ಮನನ್ನು ಕೇಳಿದಳು.

ಉತ್ತರ ಕೊಟ್ಟದ್ದು ಭಾವ. "ಹೇಳ್ದ, ಹೇಳ್ದ. ಆಮೇಲೆ ಮಾತು ವಾಪಸ್ ತಗೊಂಡ. ನಿನ್ನ ತಮ್ಮನಿಗೆ ನೀನು ಬೇಡ್ವಂತೆ, ರಾಣಿ ಬೇಕಂತೆ. ತೋರ್ಸೋ ಫೋಟೋನ!"

ತಮ್ಮ ಕದಲಲಿಲ್ಲ. ಅವಳೇ ಅವನ ಕತ್ತಿನಿಂದ ಕ್ಯಾಮೆರಾ ಬಿಡಿಸಿಕೊಂಡು, ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಚೆನ್ನಾಗಿ ಬಂದಿದೆ," ಎಂದಳು. "ಒಂದೊಂದು ಕೂದಲೂ ಕಾಣ್ತಿದೆ. ಇದು ನೀನು ಹೊಡೆದಿದ್ದಾ?"

"ಹೂಂ."

"ಇಷ್ಟು ಆಳಕ್ಕೆ?"

"ಹೂಂ ಅಕ್ಕ."

"ಮತ್ತೆ ನಿಲ್ಲಿಸಿದ್ಯಾಕೋ?"

ಅವಳು ಕ್ಯಾಮೆರಾವನ್ನು ಅವನ ಕೈಗೇ ಇಟ್ಟು, ಗೇಟು ದಾಟಿ ಬೀದಿಗಿಳಿದಳು. ಅವನು ಹಿಂದೆ ಹೆಜ್ಜೆ ಹಾಕಿದಾಗ ತಿರುಗಿ, "ನೀನು ಬರ್ಬೇಡ," ಎಂದಷ್ಟೇ ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

"ಏಯ್!" ಭಾವ ಕುರ್ಚಿಯಿಂದ ಎದ್ದ. "ಹಿಡ್ಕೊಳ್ಳೋ ಅವಳನ್ನ! ಮಾತು ಕೊಟ್ಟಿದ್ದೀಯ ನನಗೆ!" ರಾಶಿಯಿಂದ ಸರಳೊಂದನ್ನು ಎಳೆದುಕೊಂಡು, ಅದನ್ನೇ ಊರುಗೋಲು ಮಾಡಿಕೊಂಡು ಬಂದ.

ಸ್ಟುಡಿಯೋದವನು ಒಳಗಿನಿಂದಲೇ ಗೇಟು ಎಳೆದು ಚಿಲಕ ಹಾಕಿದ, ಚಿಲಕಕ್ಕೆ ಬೆನ್ನು ಕೊಟ್ಟು ನಿಂತ. ಸರಳು ಮೊದಲು ಕ್ಯಾಮೆರಾಗೆ ಬಿತ್ತು, ಗಾಜು ಅಂಗಳದ ತುಂಬಾ ಚೆಲ್ಲಿತು. ಎರಡನೆಯ ಏಟು ಮೊಣಕೈಗೆ. "ಸರಿಯೋ ಪಕ್ಕಕ್ಕೆ!" ಮೂರನೆಯದು ಮೊದಲೇ ಮುರಿದಿದ್ದ ಪಕ್ಕೆಗೆ. ಅವನ ಮೊಣಕಾಲು ಕುಸಿಯಿತು. ಗೇಟಿನ ಸರಳುಗಳಿಗೆ ಎರಡೂ ಕೈ ಹೆಣೆದು ಜೋತುಬಿದ್ದ. ಹಿಂದೆ ಬೀದಿಯಲ್ಲಿ ಚಪ್ಪಲಿಯ ಸದ್ದು ಇನ್ನೂ ಕೇಳುತ್ತಿತ್ತು. ಅದು ಪೂರ್ತಿ ನಿಲ್ಲುವ ತನಕ ಅವನು ಕೈ ಬಿಡಲಿಲ್ಲ.