ಪ್ರೊಸೆಸರ್ ಕೈಚೆಲ್ಲಿದ ಬೆಳಿಗ್ಗೆ

ಜನವರಿಯ ಆ ಬೆಳಿಗ್ಗೆ ಬ್ರನೋ ನಗರದಲ್ಲಿ ಮೈನಸ್ ಹದಿನಾಲ್ಕು ಡಿಗ್ರಿ. ಒಂಬತ್ತೂಕಾಲಿಗೆ ಬಿಸಿನೀರಿನ ಸ್ಥಾವರದ ಪಾಳಿ ಮುಖ್ಯಸ್ಥ ಹ್ರುಬೇಶ್ ಫೋನ್ ಮಾಡಿದ. ಆರು ಸಾವಿರ ಮನೆಗಳು ಬೆಚ್ಚಗಿರುವುದು ಆ ಸ್ಥಾವರದಿಂದ.

"ಇಂಜಿನಿಯರಮ್ಮ, ನಿಮ್ಮ ಯಂತ್ರ ನಾಲ್ಕನೇ ಸಲ ಬಿತ್ತು. ಬಿದ್ದು ಎದ್ದಾಗಲೆಲ್ಲ ವಾಲ್ವ್ ಮುಚ್ಚುತ್ತೆ. ನಾವು ತೆಗೆಯೋದು, ಅದು ಮುಚ್ಚೋದು. ಬಾಯ್ಲರ್ ಒತ್ತಡ ಏರ್ತಾ ಇದೆ."

ಅಲ್ಲಿನ ನಿಯಂತ್ರಣ ತಂತ್ರಾಂಶ ಬಹಳ ಹಳೆಯದು. ಅದು ಓಡುತ್ತಿದ್ದ ಕಂಪ್ಯೂಟರ್ ಗುಜರಿಗೆ ಹೋದ ಮೇಲೆ, ಹೊಸದರೊಳಗೆ ಆ ಹಳೆಯದನ್ನೇ ಅನುಕರಿಸುವ ವರ್ಚುವಲ್ ಯಂತ್ರವೊಂದನ್ನು ಅದಕ್ಕೆ ಕಟ್ಟಿಕೊಟ್ಟವರು ನಾವು. ಪ್ರೊಸೆಸರ್ ಒಂದು ದೋಷ ನಿಭಾಯಿಸಲು ಹೋಗಿ ಇನ್ನೊಂದರಲ್ಲಿ ಸಿಕ್ಕಿ, ಅದರಿಂದಲೂ ಏಳಲಾರದೆ ಹೋದರೆ ಕೈಚೆಲ್ಲಿ ನಿಂತುಬಿಡುತ್ತದೆ. ಹಾಗೆ ನಿಂತಾಗ ಯಂತ್ರವನ್ನು ಮೊದಲಿನಿಂದ ಶುರುಮಾಡುವ ಭಾಗ ಬರೆದವಳು ನಾನೇ.

"ಯಾಕೆ ಬೀಳ್ತಿದೆ ಅಂತ ಗೊತ್ತಾಗಲ್ಲ ರಾದ್ಕಾ," ಎಂದ ಪಕ್ಕದ ಮೇಜಿನ ವೋಯ್ತಾ. "ನಿನ್ನ ಭಾಗ ಅದನ್ನ ಶುರುಮಾಡಿದ ತಕ್ಷಣ ಮೆಮೊರಿಯಲ್ಲಿ ಇದ್ದದ್ದೆಲ್ಲ ಅಳಿಸಿಹೋಗ್ತಿದೆ."

ಬಿದ್ದ ಯಂತ್ರವನ್ನು ಬಿದ್ದಂತೆಯೇ ಬಿಟ್ಟು ನೋಡಬೇಕಿತ್ತು. ಅಷ್ಟು ಹೊತ್ತು ಸ್ಥಾವರಕ್ಕೆ ಮಿದುಳೇ ಇರುವುದಿಲ್ಲ.

"ಹ್ರುಬೇಶ್ ಅವರೇ, ಮುಂದಿನ ಸಲ ಬಿದ್ದಾಗ ನಾನು ಎಬ್ಬಿಸಲ್ಲ. ಕೈಯಲ್ಲೇ ವಾಲ್ವ್ ನೋಡ್ಕೋತೀರಾ?"

"ಎಷ್ಟು ಹೊತ್ತು?"

"ಗೊತ್ತಿಲ್ಲ."

"ಚೆನ್ನಾಗಿದೆ. ಹತ್ತು ನಿಮಿಷ ಕೊಡ್ತೀನಿ. ಆಮೇಲೆ ಬಾಯ್ಲರ್ ಆರಿಸ್ತೀನಿ, ಊರು ನಡುಗಲಿ."

ಒಂಬತ್ತೂ ಮೂವತ್ತೊಂದಕ್ಕೆ ಬಿತ್ತು. ತಾನಾಗಿ ಏಳದಂತೆ ಮೊದಲೇ ತಡೆದಿದ್ದೆ, ನಾನೂ ಮುಟ್ಟಲಿಲ್ಲ. ಸ್ಪೀಕರ್‌ನಲ್ಲಿ ಹ್ರುಬೇಶ್ ಒತ್ತಡದ ಅಂಕಿ ಓದುತ್ತಿದ್ದ, ಅವನ ಹಿಂದೆ ಯಾರೋ ಏದುಸಿರು ಬಿಡುತ್ತಿದ್ದರು. ಪ್ರೊಸೆಸರ್ ನಿಂತ ಜಾಗದಿಂದ ಹಿಂದಕ್ಕೆ ಹೆಜ್ಜೆಹೆಜ್ಜೆಯಾಗಿ ನೋಡುತ್ತ ಹೋದೆ. ಐದನೇ ನಿಮಿಷಕ್ಕೂ ಏನೂ ಸಿಗಲಿಲ್ಲ.

ಏಳನೇ ನಿಮಿಷಕ್ಕೆ ಕಂಡಿತು. ಮೊದಲ ಸಲ ಬಿದ್ದಾಗ ತಲುಪದೇ ಉಳಿದಿದ್ದ ಒಂದು ಇಂಟರಪ್ಟ್, ಅಂದರೆ ಕೆಲಸ ನಿಲ್ಲಿಸಿ ಇತ್ತ ನೋಡು ಎಂದು ಪ್ರೊಸೆಸರ್‌ಗೆ ಬರುವ ಕರೆ. ಯಂತ್ರವನ್ನು ಹೊಸದಾಗಿ ಶುರುಮಾಡುವಾಗ ನಾನು ಮೆಮೊರಿ ಅಳಿಸಿದ್ದೆ, ಅದನ್ನು ಅಳಿಸಿರಲಿಲ್ಲ. ತಂತ್ರಾಂಶ ಎದ್ದು, ವಾಲ್ವ್ ಮುಚ್ಚಿ, ಕಿವಿ ತೆರೆಯುವಷ್ಟರಲ್ಲಿ ಆ ಹಳೆಯ ಕರೆ ಬಂದು ಬಡಿಯುತ್ತಿತ್ತು. ಉತ್ತರಿಸಲು ತಂತ್ರಾಂಶ ಇನ್ನೂ ತಯಾರಿರುತ್ತಿರಲಿಲ್ಲ, ಮತ್ತೆ ಬೀಳುತ್ತಿತ್ತು. ಮೊದಲನೆಯದು ಹಳೆಯ ತಂತ್ರಾಂಶದ ಎಡವಟ್ಟು, ಉಳಿದವೆಲ್ಲ ನನ್ನವು.

ಅದನ್ನು ಅಳಿಸುವ ಒಂದು ಸಾಲು ಸೇರಿಸಿದೆ. ವೋಯ್ತಾ ಎರಡು ಸಲ ಓದಿ ತಲೆಯಾಡಿಸಿದ.

"ಎಬ್ಬಿಸ್ತಿದೀನಿ. ಒಂದ್ಸಲ ಮುಚ್ಚುತ್ತೆ, ಹೆದರಬೇಡಿ."

"ಮುಚ್ತು," ಎಂದ ಹ್ರುಬೇಶ್. ಪರದೆಯಲ್ಲಿ ಯಂತ್ರ ಎದ್ದು ನಿಂತಿತು, ಈ ಸಲ ಬೀಳಲಿಲ್ಲ. "ತಾನೇ ತೆಗೀತಾ ಇದೆ. ಒತ್ತಡ ಇಳೀತಿದೆ."

ವೋಯ್ತಾ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ.

"ವಾಲ್ವ್ ತಿರುಗಿಸ್ತಿದ್ದ ನಮ್ಮ ಹುಡುಗನ ಅಂಗೈ ಸುಟ್ಟಿದೆ," ಹ್ರುಬೇಶ್ ಹೇಳಿದ. "ವರದಿ ಬರೀಬೇಕು. ಯಾರ ತಪ್ಪು ಅಂತ ಬರೀಲಿ?"

ಹಳೆಯ ತಂತ್ರಾಂಶದ ದೋಷ ಅಂತ ಹೇಳು, ಎಂದು ವೋಯ್ತಾ ಸನ್ನೆ ಮಾಡಿದ.

"ನಂದು," ಎಂದೆ. "ಹೆಸರು ಬರ್ಕೊಳ್ಳಿ. ಆ ಹುಡುಗನ ಹತ್ರ ನಾನೇ ಬಂದು ಮಾತಾಡ್ತೀನಿ."

ಹ್ರುಬೇಶ್ ಹೆಸರು ಬರೆದುಕೊಂಡ.

"ಸಂಜೆ ನಾಲ್ಕರವರೆಗೆ ಇರ್ತೀವಿ," ಎಂದ. "ಶಾಲು ಹೊದ್ದು ಬನ್ನಿ, ನಮ್ಮ ಕಚೇರಿ ಮಾತ್ರ ತಣ್ಣಗಿರುತ್ತೆ."